ಆಸ್ಪತ್ರೆಯ ಅಡುಗೆಮನೆಯಲ್ಲಿ ದೊಡ್ಡಮ್ಮ ಮಾಡಿದ ಟೀ

ನಿನ್ನ ಮನೆ, ಅಡುಗೆಮನೆಯ ಮೇಜು
ಭಾನುವಾರ, ತಾರೀಖು ಹದಿನಾರು

ಪ್ರೀತಿಯ ದೊಡ್ಡಮ್ಮಾ,

ಹೇಗಿದ್ದೀಯ? ಬಲಗೈ ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳು ಬಿಗಿದುಕೊಳ್ಳುತ್ತವೆ ಎನ್ನುತ್ತಿದ್ದೆಯಲ್ಲ, ಈಗ ಸಡಿಲವಾಗಿವೆಯೇ? ನಾನು ಕೊಟ್ಟು ಕಳಿಸಿದ ಸ್ಪಂಜಿನ ಚೆಂಡನ್ನು ದಿನಾ ಹಿಸುಕುತ್ತೀಯೋ, ಇಲ್ಲ ಅದು ಮಾವನ ನಾಯಿಯ ಪಾಲಾಯಿತೋ? ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿದ್ದೆ ಸರಿಯಾಗಿ ಬರುತ್ತಿದೆ ತಾನೇ? ದಿಂಬು ಬದಲಾದರೆ ನಿನಗೆ ಕತ್ತು ಹಿಡಿಯುತ್ತದೆ ಎಂಬುದು ಮಾವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ, ನೀನಾಗಿ ಬಾಯಿಬಿಟ್ಟು ಹೇಳುವವಳೂ ಅಲ್ಲ. ನಿನ್ನ ಹಳೆಯ ದಿಂಬು ಇಲ್ಲೇ ಮಂಚದ ಮೇಲೆ ಉಳಿದಿದೆ. ಆವತ್ತಿನ ಅವಸರದಲ್ಲಿ ಕಾರಿಗೆ ಹಾಕುವುದನ್ನೇ ಮರೆತೆವು. ನನ್ನ ವಿಷಯಕ್ಕೆ ಬಂದರೆ, ಊಟ ಮಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ನೆಗಡಿ ಕೆಮ್ಮು ಏನೂ ಇಲ್ಲ. ಚೆನ್ನಾಗಿದ್ದೇನೆ ಎನ್ನುವುದಕ್ಕೆ ಅಷ್ಟು ಸಾಕಾದರೆ ಚೆನ್ನಾಗಿದ್ದೇನೆ.

ಫೋನ್ ಇರುವಾಗ ಇವನಿಗೇನು ಬಂತು ರೋಗ, ಕಾಗದ ಬರೆಯುತ್ತಾ ಕೂತಿದ್ದಾನಲ್ಲ ಎಂದುಕೊಳ್ಳುತ್ತೀಯ. ಫೋನಿನಲ್ಲಿ ಮಾತಾಡಲು ಅತ್ತೆ ಬಿಡಬೇಕಲ್ಲ! ನಾನು ಹಲೋ ಎನ್ನುವುದರೊಳಗೆ ಸ್ಪೀಕರ್ ಹಾಕಿ ಊಟದ ಮೇಜಿನ ಮಧ್ಯೆ ಇಟ್ಟು, "ಜೋರಾಗಿ ಹೇಳಪ್ಪಾ, ನಿಮ್ಮ ದೊಡ್ಡಮ್ಮಂಗೆ ಕೇಳಿಸ್ಲಿ" ಎನ್ನುತ್ತಾರೆ. ನಿನ್ನ ಕಿವಿಗೆ ಏನಾಗಿದೆ? ಪಕ್ಕದ ಕೋಣೆಯಲ್ಲಿ ಯಾರೋ ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪು ಹೊಡೆದರೆ ಸದ್ದಿನಲ್ಲೇ ಹಿಡಿಯುತ್ತಿದ್ದ ಕಿವಿ ಅದು. ಅವರ ಒಳ್ಳೆಯತನದ ಬಗ್ಗೆ ಎರಡು ಮಾತಿಲ್ಲ, ಆದರೆ ಅಷ್ಟು ಒಳ್ಳೆಯತನದ ಎದುರು ನನಗೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಈ ಕಾಗದವನ್ನೂ ಅವರು "ಕೊಡಿ, ನಾನೇ ಓದಿ ಹೇಳ್ತೀನಿ" ಎನ್ನಬಹುದು. ಕೊಡಬೇಡ. ಕನ್ನಡಕ ಹಾಕಿಕೊಂಡು, ಬಾಗಿಲು ಹಾಕಿಕೊಂಡು ನೀನೇ ಓದು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈದುಕೊಂಡು ಓದು.

ನಾನು ಕೂತಿರುವುದು ನಿನ್ನ ಅಡುಗೆಮನೆಯಲ್ಲಿ, ನಿನ್ನ ಕುರ್ಚಿಯಲ್ಲಿ. ಮಾವನ ಅಪ್ಪಣೆಯಾಗಿದೆ: "ಈ ಭಾನುವಾರ ಹೋಗಿ ಅಕ್ಕನ ಸಾಮಾನೆಲ್ಲ ಕಟ್ಬಿಡು. ತಿಂಗಳ ಕೊನೆಗೆ ಬೀಗದಕೈ ಕೊಡ್ತೀವಿ ಅಂತ ಓನರಿಗೆ ಹೇಳಾಗಿದೆ." ರಟ್ಟಿನ ಪೆಟ್ಟಿಗೆಗಳನ್ನು ಕೆಳಗಿನ ಔಷಧಿ ಅಂಗಡಿಯವನೇ ಕೊಟ್ಟ. ಕೊಡುವಾಗ "ಟೈಪಿಂಗ್ ಮೇಡಂ ಇನ್ನು ಬರೋದೇ ಇಲ್ವಾ ಸಾರ್?" ಎಂದು ಕೇಳಿದ. ನೋಡಬೇಕು ಎಂದೆ. ಅವನು ನನ್ನ ಮುಖ ನೋಡಿದ, ನಾನು ಪೆಟ್ಟಿಗೆ ನೋಡಿದೆ. ಬೆಳಿಗ್ಗೆ ಬಂದವನು ಈ ಹೊತ್ತಿನ ತನಕ ಕಟ್ಟಿದ್ದು ಹಳೆಯ ಪತ್ರಿಕೆಗಳ ಒಂದು ಕಂತೆ, ಅಷ್ಟೇ. ಹೋದ ವಾರ ಫೋನಿನಲ್ಲಿ, ನೀನಿಟ್ಟ ಹೆಸರು ಹಿಡಿದು ಕರೆದು, ನೀನೇ ಅಂದೆಯಲ್ಲ, "ಕೊಟ್ಬಿಡೋ ಗಡಿಬಿಡಿ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ, ಇನ್ನು ಆ ಮನೆ ಇಟ್ಕೊಂಡು ಏನ್ ಮಾಡ್ಲಿ?" ಎಂದು. ಆ ಮಾತು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನೀನು ಅಳುತ್ತಾ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನೀನು ನಗುತ್ತಾ ಹೇಳಿದೆ, ಅತ್ತೆಯೂ ಹಿಂದಿನಿಂದ ನಕ್ಕರು.

ಪಾತ್ರೆಗಳನ್ನು ಕಟ್ಟೋಣವೆಂದು ಕಪಾಟು ತೆಗೆದೆ. ತೆಗೆದವನು ಹಾಗೇ ನಿಂತುಬಿಟ್ಟೆ. ಎಷ್ಟು ವರ್ಷ ಇಲ್ಲಿ ತಿಂದು ಬೆಳೆದಿದ್ದೇನೆ, ಈ ಕಪಾಟನ್ನು ನೆಟ್ಟಗೆ ನೋಡಿದ್ದು ಇದೇ ಮೊದಲು. ಟೀ ಪುಡಿ ಸ್ಟವ್‌ನ ಎಡಗಡೆ, ಸಕ್ಕರೆ ಅದರ ಹಿಂದೆ, ಸೋಸುವ ಜಾಲರಿ ಕೈಗೆಟಕುವ ಮೊಳೆಗೆ, ಲೋಟಗಳು ಅದರ ಕೆಳಗೆ ಬೋರಲು. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದದ್ದೇ ಸಿಗುತ್ತದೆ. ಪರೀಕ್ಷೆ ಮಾಡಿಯೂ ನೋಡಿದೆ, ನಗಬೇಡ. ಕಣ್ಣು ಮುಚ್ಚಿಕೊಂಡು ನಿಂತು ಕೈ ಚಾಚಿದೆ, ಟೀ ಪುಡಿ ಡಬ್ಬಿಯೇ ಸಿಕ್ಕಿತು. ರೋಗಿಗಳ ಮನೆಗೆ ಹೋಗಿ ಅಡುಗೆಮನೆ ಹೇಗೆ ಜೋಡಿಸಿಕೊಳ್ಳಬೇಕು ಎಂದು ಪಾಠ ಹೇಳಿ ಬರುವ ಪ್ರಚಂಡ ನಾನು. ಇಷ್ಟು ಅಚ್ಚುಕಟ್ಟಾಗಿ ನಾನು ಯಾರ ಮನೆಯಲ್ಲೂ ಜೋಡಿಸಿಕೊಟ್ಟಿಲ್ಲ. ಕಪಾಟಿನ ಬಾಗಿಲು ಹಾಕಿದೆ. ಕಟ್ಟಲು ಮನಸ್ಸೇ ಬರಲಿಲ್ಲ.

ಇನ್ನೊಂದು ಸುದ್ದಿಯಿದೆ, ಮೊದಲೇ ಹೇಳಬೇಕಿತ್ತು. ನಮ್ಮ ಆಸ್ಪತ್ರೆಯಲ್ಲಿ ಕೈಗಳಿಗೆಂದೇ ಒಂದು ಬೇರೆ ವಿಭಾಗ ಮಾಡಿದ್ದಾರೆ, ಅದಕ್ಕೆ ನನ್ನನ್ನು ಮುಖ್ಯಸ್ಥನನ್ನಾಗಿ ಕೂರಿಸಿದ್ದಾರೆ. ಬಾಗಿಲ ಮೇಲೆ ನನ್ನ ಹೆಸರಿನ ಕೆಳಗೆ 'ಆಕ್ಯುಪೇಷನಲ್ ಥೆರಪಿಸ್ಟ್' ಎಂದು ದೊಡ್ಡದಾಗಿ ಬರೆಸಿದ್ದಾರೆ. ಆದರೂ ಬಂದವರೆಲ್ಲ "ಫಿಸಿಯೋ ಸಾರ್ ಇದ್ದಾರಾ?" ಎಂದೇ ಕೇಳುವುದು. ಅಪ್ಪ ಇದ್ದಿದ್ದರೆ ಈಗಲೂ ಕೇಳುತ್ತಿದ್ದರು, ಇದೆಂಥ ಕೆಲಸ ಅಂತ. ನೆನಪಿದೆಯಾ, ಕೋರ್ಸಿಗೆ ಸೇರುವಾಗ ನಡೆದ ರಂಪ? "ಗಂಡು ಹುಡುಗ, ಮುದುಕರಿಗೆ ಅಂಗಿ ತೊಡಿಸೋ ಕೆಲಸಕ್ಕೆ ಓದ್ತಾನಂತೆ!" ಎಂದು ಅಪ್ಪ ಭೂಮಿ ಆಕಾಶ ಒಂದು ಮಾಡಿದ್ದರು. ಆಗ ನೀನು ಇದೇ ಮೇಜಿನ ಆಚೆ ಕೂತು, ತಲೆಯೆತ್ತದೆ, "ತೊಡಿಸೋದಲ್ಲಪ್ಪಾ, ತೊಟ್ಕೊಳ್ಳೋದು ಕಲಿಸೋದು. ತೊಡಿಸೋಕೆ ಯಾರಿಗಾದ್ರೂ ಬರುತ್ತೆ" ಎಂದೆ. ನಾನು ಸೇರಬೇಕೆಂದಿದ್ದ ಓದು ಏನು ಎಂಬುದು ನನಗೇ ಅರ್ಥವಾದದ್ದು ಆ ಮಾತಿನಿಂದ. ಅಪ್ಪ ಫಾರಂಗೆ ಸಹಿ ಹಾಕಿದರು. ನಿನ್ನೆದುರು ಯಾರು ತಾನೇ ಮಾತಾಡಿದ್ದಾರೆ!

ಕಾಲೇಜಿನಲ್ಲಿ ಮೊದಲ ವಾರವೇ ನಮ್ಮ ಗುರುಗಳು ಒಂದು ಪಾಠ ಹೇಳಿದರು. ರೋಗಿ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿರುವಾಗ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ, ಅದಕ್ಕೇ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತುಕೊಳ್ಳಿ, ಎಂದು. ಎಲ್ಲರೂ ನಕ್ಕರು. ನನಗೆ ನೀನು ಕಣ್ಣ ಮುಂದೆ ಬಂದೆ. ಅಮ್ಮ ಹೋದ ಮೇಲೆ ಶಾಲೆ ಬಿಟ್ಟ ಕೂಡಲೇ ನಾನು ಬಂದು ಕೂರುತ್ತಿದ್ದುದು ನಿನ್ನ ಟೈಪಿಂಗ್ ಕ್ಲಾಸಿನಲ್ಲೇ ಅಲ್ಲವೇ? ಕೀಗಳು ಕಾಣದ ಹಾಗೆ ಬಟ್ಟೆ ಮುಚ್ಚಿ, ಎದುರಿಗೆ ಕೂತು, ಹುಡುಗಿಯರು ತಪ್ಪಿನ ಮೇಲೆ ತಪ್ಪು ಹೊಡೆಯುತ್ತಿದ್ದರೂ ನೀನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪುಟ ಮುಗಿದು ಅವರೇ ಹಾಳೆ ಹೊರಗೆಳೆದ ಮೇಲಷ್ಟೇ ನಿನ್ನ ಬಾಯಿ ತೆರೆಯುತ್ತಿದ್ದುದು, ಆಮೇಲೆ ಬಿಡು, ಅವರ ಪುಣ್ಯ. ನಾನು ಮಾತ್ರ ಸಾಲು ಮುಗಿಯುವ ಮೊದಲೇ ಹಾಳೆ ಕಿತ್ತು ತೋರಿಸುತ್ತಿದ್ದೆ. "ಆತುರಗಾರನಿಗೆ ಬುದ್ಧಿ ಮಟ್ಟ ಕಣೋ" ಎಂದು ಬೈದು ಬೈದು ಕೊನೆಗೆ ಗಡಿಬಿಡಿ ಎಂದು ಹೆಸರೇ ಇಟ್ಟುಬಿಟ್ಟೆ. ಹೆಸರು ಇಟ್ಟವಳು ಸುಮ್ಮನೆ ಇಟ್ಟಿರಲಿಲ್ಲ ಎಂದು ಈಗ ಅನಿಸುತ್ತಿದೆ.

ಬುಧವಾರ ನೀನು ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಫೋನಿನಲ್ಲಿ ನನ್ನ ಜೊತೆ ಒಂದಷ್ಟು ಹೊತ್ತು ಮಾತಾಡಿದರು. ದೂರಲ್ಲ, ಅಕ್ಕರೆಯಿಂದಲೇ ಹೇಳಿದ್ದು. ನೀನು ಅಡುಗೆಮನೆಯ ಹೊಸಿಲು ದಾಟುವುದಿಲ್ಲವಂತೆ. ಹಲ್ಲುಜ್ಜಿ ಬಂದವಳು "ನಲ್ಲಿ ನಿಲ್ಸಿದ್ದೀನಾ ಒಂದ್ಸಲ ನೋಡಿ ಬಾಮ್ಮಾ" ಎನ್ನುತ್ತೀಯಂತೆ, ಅವರು ನೋಡಿ ಬಂದು ನಿಂತಿದೆ ಎಂದರೂ ಸಮಾಧಾನವಿಲ್ಲವಂತೆ. ಮಾತ್ರೆ ನುಂಗಿದ ಮೇಲೆ ನುಂಗಿದೆನಾ ಎಂದು ಮಾವನನ್ನು ಕೇಳುತ್ತೀಯಂತೆ. ಅವರು ಸ್ಟವ್ ಹತ್ತಿರ ಇರುವಾಗ ನೀನು ನಡುಮನೆಯಲ್ಲಿ ಕೂತೇ "ಆರ್ಸಿದ್ಯಾ? ಆರ್ಸಿದ್ಯಾ?" ಎನ್ನುತ್ತಿರುತ್ತೀಯಂತೆ. "ಪಾಪ, ಮಗು ಥರ ಆಗ್ಬಿಟ್ಟಿದ್ದಾರೆ ಕಣಪ್ಪಾ, ಒಂದು ಹುಲ್ಲುಕಡ್ಡಿ ಎತ್ತೋಕೆ ಬಿಡಲ್ಲ ನಾವು" ಎಂದರು. ಮಾವ ಕೊಂಡು ತಂದ ಆರಾಮಕುರ್ಚಿಯ ವರ್ಣನೆಯನ್ನೂ ಮಾಡಿದರು. ಆ ಕುರ್ಚಿಯ ಫೋಟೋ ನೋಡಿದ್ದೇನೆ. ಒಳಗೆ ಹೋದವರನ್ನು ಹೊರಗೆ ತರಲು ಇಬ್ಬರು ಬೇಕು. ನಾನು ಹೂಂ ಹೂಂ ಎಂದು ಫೋನಿಟ್ಟೆ. ಮಗುವಂತೆ! ನೀನು ಮಗುವಾಗಿದ್ದಾಗಲೂ ಮಗುವಿನ ಥರ ಇದ್ದಿರಲಿಕ್ಕಿಲ್ಲ. ಇಡೀ ಬೀದಿಯ ಹುಡುಗಿಯರನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿದವಳು ನೀನು. ಸ್ಟ್ರೋಕ್ ನಿನ್ನ ಬಲಗೈಯನ್ನು ಒಂದಿಷ್ಟು ನಿಧಾನ ಮಾಡಿತು, ಅಷ್ಟೇ. ಉಳಿದದ್ದನ್ನು ಮಾಡಿದವನು ನಾನು.

ಆ ಟೀ ಟೆಸ್ಟಿನ ಮಾತನ್ನು ನಾವಿಬ್ಬರೂ ಆಮೇಲೆ ಎತ್ತಲೇ ಇಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನನಗೆ ಒಂದು ಸಲ ಇದನ್ನು ಸಾಲಾಗಿ ಹೇಳಿಕೊಳ್ಳಬೇಕಾಗಿದೆ. ಕೈಯ ಬಲ ಮೆಲ್ಲಗೆ ತಿರುಗಿ ಬಂದು, ಡಾಕ್ಟರು ಇನ್ನು ಮನೆಗೆ ಹೋಗಬಹುದು ಎಂದಾಗ ಉಳಿದದ್ದು ಒಂದೇ ಪ್ರಶ್ನೆ, ನೀನು ಒಬ್ಬಳೇ ಇರಬಹುದೋ ಇಲ್ಲವೋ ಎಂದು. ಅದನ್ನು ಹೇಳಬೇಕಾದದ್ದು ನಮ್ಮಂಥ ಥೆರಪಿಸ್ಟ್‌ಗಳೇ. ಒಂಟಿಯಾಗಿರುವವರನ್ನು ಮನೆಗೆ ಕಳಿಸುವ ಮೊದಲು ಆಸ್ಪತ್ರೆಯ ತರಬೇತಿ ಅಡುಗೆಮನೆಗೆ ಕರೆದೊಯ್ದು ಒಂದು ಲೋಟ ಟೀ ಮಾಡಿಸುತ್ತೇವೆ. ಟೀ ಒಂದು ನೆಪ. ನೀರು ಹಿಡಿಯುವುದು, ಸ್ಟವ್ ಹೊತ್ತಿಸುವುದು, ಯಾವುದಾದ ಮೇಲೆ ಯಾವುದು ಎಂಬ ನೆನಪು, ಬಿಸಿಯ ಎಚ್ಚರ, ಕೊನೆಗೆ ಆರಿಸುವುದು, ಎಲ್ಲವೂ ಅದರಲ್ಲೇ ತಿಳಿದುಬಿಡುತ್ತದೆ. ಸ್ವಂತ ಮನೆಯವರನ್ನು ನಾವೇ ಪರೀಕ್ಷಿಸಬಾರದು ಎಂಬ ನಿಯಮ ಇದೆ. ದೊಡ್ಡ ಮೇಡಂ, ಅಂದರೆ ನಮ್ಮೆಲ್ಲರ ಮೇಲಿನವರು, ಬೇರೆ ಒಬ್ಬರನ್ನು ಕಳಿಸುತ್ತೇನೆ ಎಂದೂ ಹೇಳಿದ್ದರು. ನೀನೇ ಹಟ ಹಿಡಿದೆ: "ಗುರುತಿಲ್ಲದೋರ ಮುಂದೆ ನಾನು ಕೈ ನಡುಗಿಸ್ಕೊಂಡು ನಿಂತ್ಕೊಳ್ಳಲ್ಲ. ನನ್ನ ಗಡಿಬಿಡಿ ನೋಡ್ಲಿ. ಅವನು ನನಗೆ ಮೋಸ ಮಾಡಲ್ಲ." ದೊಡ್ಡ ಮೇಡಂ ನಕ್ಕು ಒಪ್ಪಿಕೊಂಡರು. ನಾನು ಬೇಡ ಎನ್ನಬೇಕಿತ್ತು. ನನಗೂ ಒಳಗೊಳಗೆ ಹೆಮ್ಮೆಯಾಗಿತ್ತು, ಬೇಡ ಎನ್ನಲಿಲ್ಲ.

ನಾನು ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತೆ. ನೀನು ಆಸ್ಪತ್ರೆಯ ಆ ನೀಲಿ ಅಂಗಿಯಲ್ಲೇ ಹೋಟೆಲಿನ ಮಾಲೀಕಳಂತೆ "ಏನ್ ಬೇಕು ಸಾರ್, ಸ್ಟ್ರಾಂಗಾ ಲೈಟಾ?" ಎಂದೆ. ಆ ಅಡುಗೆಮನೆಯೋ, ದೇವರಿಗೇ ಪ್ರೀತಿ. ಎಲ್ಲ ಡಬ್ಬಿಗಳೂ ಒಂದೇ ಅಳತೆ, ಒಂದೇ ಬಣ್ಣ. ಟೀ ಪುಡಿ ಎಂದು ತೆಗೆದರೆ ಉಪ್ಪು, ಸಕ್ಕರೆ ಎಂದು ತೆಗೆದರೆ ಸೋಪಿನ ಪುಡಿ. ಸ್ಟವ್ ಕೂಡ ನಿನಗೆ ಗೊತ್ತಿಲ್ಲದ ನಮೂನೆ. ನೀನು ಹುಡುಕಿ ಹುಡುಕಿ, ಮೂಸಿ ನೋಡಿ, ಎಲ್ಲವನ್ನೂ ಸರಿಯಾಗಿಯೇ ಹಾಕಿದೆ. ಸೋಸುವಾಗ ಬಲಗೈ ನಡುಗಿತು, ಎಡಗೈ ಆಸರೆ ಕೊಟ್ಟೆ, ಹೊರಗೆ ಒಂದು ಹನಿ ಬೀಳಲಿಲ್ಲ. ಲೋಟ ನನ್ನ ಮುಂದಿಟ್ಟು ಪಾತ್ರೆ ತೊಳೆಯಲು ಸಿಂಕಿನ ಕಡೆ ಹೋದೆ. ಸ್ಟವ್ ಉರಿಯುತ್ತಲೇ ಇತ್ತು. "ಸ್ಟವ್ ಮರ್ತೆ ದೊಡ್ಡಮ್ಮ" ಎಂದು ನಾನೇ ಎದ್ದು ಆರಿಸಿದೆ. ನೀನು ಸ್ಟವ್ ನೋಡಿದೆ, ನನ್ನ ಕೈ ನೋಡಿದೆ. "ಹೌದಲ್ವೋ... ಮರ್ತೇಬಿಟ್ನಲ್ಲೋ" ಎಂದೆ. ನಿನ್ನ ಮುಖದಿಂದ ಆ ಹೋಟೆಲ್ ಮಾಲೀಕಳು ಅಲ್ಲೇ ಹೊರಟುಹೋದಳು. ನಾನು ರಿಪೋರ್ಟಿನಲ್ಲಿ 'ಒಬ್ಬರೇ ಇರುವುದು ಕ್ಷೇಮವಲ್ಲ' ಎಂದು ಬರೆದೆ. ಆ ವಾರವೇ ಮಾವ ಕಾರು ತಂದರು. ನೀನು ಹಿಂದಿನ ಸೀಟಿನಲ್ಲಿ ಕೂತೆ, ಬೆಲ್ಟನ್ನು ಕೂಡ ಅವರೇ ಹಾಕಿದರು.

ಮೊನ್ನೆ ಶುಕ್ರವಾರ ನಡೆದದ್ದು ಹೇಳುತ್ತೇನೆ. ನಮ್ಮಲ್ಲಿಗೆ ಒಬ್ಬರು ಕ್ಷೌರಿಕರು ಬರುತ್ತಿದ್ದಾರೆ, ಅವರಿಗೂ ನಿನ್ನ ಹಾಗೇ ಬಲಗೈ. ಮನುಷ್ಯ ಮಹಾ ಮಾತುಗಾರ, ನನ್ನ ತಲೆ ಕಂಡಾಗಲೆಲ್ಲ "ಯಾರು ಸಾರ್ ಹೀಗೆ ಹೊಲ ಕೊಯ್ದಿದ್ದು?" ಎಂದು ಮರುಗುತ್ತಾರೆ. ಆವತ್ತು ಅಂಗಿಯ ಗುಂಡಿ ಹಾಕಿಕೊಳ್ಳುವ ಅಭ್ಯಾಸ. ಮೊದಲ ಗುಂಡಿಯಲ್ಲೇ ಸಿಕ್ಕಿಕೊಂಡರು. ಹಣೆಯಲ್ಲಿ ಬೆವರು, ಮಾತು ನಿಂತೇ ಹೋಯಿತು. ಪಕ್ಕದಲ್ಲಿದ್ದ ಅವರ ಹೆಂಡತಿಯ ಕೈ ಮುಂದೆ ಬಂತು. ನಾನು ತಡೆದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂತು, ಮತ್ತೆ ತಡೆದೆ. ಮೂರನೇ ಸಲ ನನ್ನ ದನಿ ಸ್ವಲ್ಪ ಏರಿತು: "ಅಮ್ಮಾ, ಅವರು ಮಾಡ್ತಾರೆ. ನೀವು ಹಾಕಿಬಿಟ್ರೆ ಅವರಿಗೆ ಬರಲ್ಲ ಅಂತ ಅವರೇ ನಂಬಿಬಿಡ್ತಾರೆ." ಆಕೆ ನನ್ನ ಮುಖವನ್ನೇ ನೋಡಿ, "ನಿಮ್ಮನೆಯವರಾಗಿದ್ರೆ ಹೀಗೇ ಕಾಯ್ತಿದ್ರಾ ಸಾರ್?" ಎಂದರು. ಆಕೆ ಚುಚ್ಚಲು ಹೇಳಿದ್ದಲ್ಲ, ಗಂಡನ ಮೇಲಿನ ಸಂಕಟಕ್ಕೆ ಬಂದ ಮಾತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಅಲ್ಲೇ ಬೆವೆತುಹೋದೆ. ಕ್ಷೌರಿಕರು ಅಷ್ಟರಲ್ಲಿ ಗುಂಡಿ ಹಾಕಿಕೊಂಡಿದ್ದರು. "ಆಯ್ತು ನೋಡೇ!" ಎಂದು ಹೆಂಡತಿಗೆ ತೋರಿಸಿದರು. ಆಕೆ ಅತ್ತುಬಿಟ್ಟರು. ನಾನು ಕೈ ತೊಳೆಯುವ ನೆಪ ಮಾಡಿಕೊಂಡು ಹೊರಗೆ ಹೋದೆ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಜಾತಿಗೆ ಸೇರಿದವನು ನಾನು. ಊರಿಗೆಲ್ಲ ಕಾಯಿರಿ ಕಾಯಿರಿ ಎಂದು ಸಾರುತ್ತೇನೆ. ನಿನ್ನನ್ನು ಮಾತ್ರ ನಿನ್ನದಲ್ಲದ ಅಡುಗೆಮನೆಗೆ ಕರೆದೊಯ್ದು, ನಿಯಮ ಮುರಿದು, ಒಂದು ಲೋಟ ಟೀಯಲ್ಲಿ ನಿನ್ನ ಇಡೀ ಮನೆಯನ್ನು ಅಳೆದುಬಿಟ್ಟೆ. ಆ ಟೆಸ್ಟನ್ನು ಇಲ್ಲಿ, ಈ ಸ್ಟವ್ ಮುಂದೆ ಮಾಡಬೇಕಿತ್ತು. ಇಲ್ಲಿಗೆ ಬರಲು ಬಸ್ಸಿನಲ್ಲಿ ಎಷ್ಟು ಮಹಾ ದೂರ? ಅದು ನನ್ನ ತಪ್ಪು, ನಿನ್ನದಲ್ಲ. ಹೋಗಲಿ, ನೀನು ಅಲ್ಲಿಗೆ ಹೋದ ಮೇಲಾದರೂ ಒಂದು ಸಲ ನೋಡಲು ಬಂದೆನೇ? ಕೆಲಸ, ಕೆಲಸ ಎಂದು ಸಬೂಬು ಹೇಳಿದೆ. ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ ಎಂಬುದೇ ಸರಿ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆ. ನಿನ್ನ ಬೈಗುಳ ಕೇಳದೆ ನನಗೆ ಏನೋ ಕಳೆದುಕೊಂಡ ಹಾಗಿದೆ.

ಸಂಜೆಯಾಗುತ್ತಾ ಬಂತು. ಪೆಟ್ಟಿಗೆಗಳು ಖಾಲಿಯೇ ಇವೆ. ಮಾವ ಕೇಳಿದರೆ ಏನು ಹೇಳಬೇಕೋ ಇನ್ನೂ ಹೊಳೆದಿಲ್ಲ. ಅವರಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ನಾಯಿಗೊಂದು ತಲೆ ನೇವರಿಕೆ. ನಿನಗೆ ಕೊಡಲು ನನ್ನ ಹತ್ತಿರ ಆಶೀರ್ವಾದವಿಲ್ಲ, ಕೇಳುವ ಮುಖವೂ ಇಲ್ಲ, ಆದರೂ ಎಂದಿನ ಹಾಗೆ ತಲೆ ಬಗ್ಗಿಸಿ ನಿಂತಿದ್ದೇನೆ ಎಂದುಕೋ. ಆರೋಗ್ಯ ನೋಡಿಕೋ. ಆ ಚೆಂಡು ಹಿಸುಕು.

ನಿನ್ನ,
ಗಡಿಬಿಡಿ

ತಾ.ಕ.: ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೆ ಹೋದವನು ವಾಪಸ್ ಬಂದು ಹರಿದು ತೆಗೆದಿದ್ದೇನೆ. ಮೇಲೆ ಬರೆದದ್ದು ಯಾವುದೂ ಸುಳ್ಳಲ್ಲ, ಆದರೆ ಬರೆಯಬೇಕಾದದ್ದನ್ನು ಬಿಟ್ಟು ಬರೆದದ್ದು. ತಪ್ಪು ಆ ಅಡುಗೆಮನೆಯದ್ದಲ್ಲ, ಡಬ್ಬಿಗಳದ್ದೂ ಅಲ್ಲ. ನೀನು ಸ್ಟವ್ ಮರೆತಿರಲಿಲ್ಲ ದೊಡ್ಡಮ್ಮ. ನೀನು ಕೈ ಒರೆಸಿಕೊಳ್ಳುತ್ತಿದ್ದೆ. ಒದ್ದೆ ಕೈಯಲ್ಲಿ ನೀನು ಯಾವತ್ತೂ ಸ್ಟವ್ ಮುಟ್ಟಿದವಳಲ್ಲ, ನನ್ನನ್ನೂ ಮುಟ್ಟಗೊಟ್ಟವಳಲ್ಲ, ಅದು ನನಗೆ ಗೊತ್ತಿಲ್ಲವೇ? ಕೈಯಲ್ಲಿದ್ದ ಬಿಸಿ ಪಾತ್ರೆಯನ್ನು ಮೊದಲು ಸಿಂಕಿಗಿಟ್ಟು ನೀರು ಬಿಟ್ಟು, ಟವೆಲ್ಲಿಗಾಗಿ ಗೋಡೆ ನೋಡಿದೆ, ಅಲ್ಲಿ ಟವೆಲ್ ಇರಲಿಲ್ಲ. ಅಂಗಿಗೇ ಒಂದೊಂದು ಬೆರಳನ್ನೂ ಒರೆಸಿಕೊಳ್ಳುತ್ತಾ ಸ್ಟವ್ ಕಡೆಗೇ ತಿರುಗುತ್ತಿದ್ದೆ. ಬಲಗೈ ನಿಧಾನ, ಅದಕ್ಕೆ ಹೊತ್ತು ಹಿಡಿಯಿತು. ನಾನು ಅದೆಲ್ಲವನ್ನೂ ನೋಡಿದೆ. ನೋಡುತ್ತಲೇ ಎದ್ದು ಆರಿಸಿದೆ, ಮರೆತೆ ಎಂದು ನಿನಗೇ ಹೇಳಿದೆ. ನೀನು ನನ್ನ ಮಾತನ್ನು ನಂಬಿಬಿಟ್ಟೆ, ನಿನ್ನ ಕೈಯನ್ನಲ್ಲ.

ಯಾಕೆ ಹಾಗೆ ಮಾಡಿದೆ ಎಂದರೆ, ಹಿಂದಿನ ದಿನ ಮಾವ ಫೋನ್ ಮಾಡಿ "ಒಬ್ಳೇ ಬಿಟ್ರೆ ದಿನಾ ಸಂಜೆ ಹೋಗಿ ನೋಡ್ಕೊಳ್ಳೋನು ನೀನೇ, ಯೋಚ್ನೆ ಮಾಡು" ಎಂದಿದ್ದರು. ನನ್ನನ್ನು ಕೈ ವಿಭಾಗದ ಮುಖ್ಯಸ್ಥನನ್ನಾಗಿ ಮಾಡುವ ಮಾತು ಆ ವಾರವೇ ನಡೆಯುತ್ತಿತ್ತು, ನನ್ನ ಸಂಜೆಗಳೆಲ್ಲ ಅದಕ್ಕೇ ಬೇಕಿತ್ತು. ನಾನು ಯೋಚನೆ ಮಾಡಿಬಿಟ್ಟಿದ್ದೆ. ಆ ಉರಿ ಕಂಡಾಗ ನನಗೆ ಭಯವಾಗಲಿಲ್ಲ, ಅಬ್ಬಾ, ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ನೀನು ನನ್ನನ್ನು ಸಾಕಿದವಳು. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ. ನಾಳೆ ಬೆಳಿಗ್ಗೆ ದೊಡ್ಡ ಮೇಡಂಗೆ ಎಲ್ಲ ಹೇಳುತ್ತೇನೆ, ರಿಪೋರ್ಟ್ ವಾಪಸ್ ತೆಗೆದುಕೊಳ್ಳುತ್ತೇನೆ. ಮುಖ್ಯಸ್ಥನ ಕುರ್ಚಿ ಹೋದರೆ ಹೋಗಲಿ. ಓನರಿಗೂ ಮಾವನಿಗೂ ನಾನೇ ಫೋನ್ ಮಾಡುತ್ತೇನೆ, ಬೀಗದಕೈ ಕೊಡುವುದಿಲ್ಲ ಎಂದು. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ನಿನ್ನ ಅಡುಗೆಮನೆಯಲ್ಲಿ ನಿನ್ನನ್ನು ನೋಡಲು ಬೇರೆಯವರು ಬರುತ್ತಾರೆ, ನಾನು ಕೆಳಗೆ ಬೀದಿಯಲ್ಲಿರುತ್ತೇನೆ. ನನ್ನನ್ನು ಕ್ಷಮಿಸುವ ಮಾತು ಆಮೇಲೆ ನೋಡೋಣ, ಅದಕ್ಕೆ ಈಗ ಅವಸರವಿಲ್ಲ. ಒಂದೇ ಒಂದು ಕೆಲಸ ಈಗಲೇ ಮಾಡು. ಈ ಕಾಗದವನ್ನು ಪಕ್ಕಕ್ಕಿಟ್ಟು ಆ ಕುರ್ಚಿಯಿಂದ ಎದ್ದು ಅಡುಗೆಮನೆಗೆ ಹೋಗು. ಅತ್ತೆ ಅಡ್ಡ ಬಂದರೆ ಸರಿಸಿ ಹೋಗು. ನೀನೇ ಸ್ಟವ್ ಹೊತ್ತಿಸಿ ನಿನಗೊಂದು ಲೋಟ ಟೀ ಮಾಡಿಕೋ. ಎಷ್ಟು ಹೊತ್ತಾದರೂ ಆಗಲಿ. ಆರಿಸಿದೆನಾ ಎಂದು ಯಾರನ್ನೂ ಕೇಳಬೇಡ.